ಮೇಸ್ತ್ರಿಯ ಕಿವಿ ಕಟ್ಟಿದ ನೆಗಡಿ

ಮೇಸ್ತ್ರಿಯ ಬಲಗಿವಿಯ ಅಂಚು ಕಾಯಿಸಿಪ್ಪೆ ಉಜ್ಜಿ ಉಜ್ಜಿ ಕರ್ರಗೆ ಗಡುಸಾಗಿತ್ತು. ಬಿಳಿಗೆರೆಯ ಸಾಹುಕಾರರ ಅಟ್ಟದಲ್ಲಿ ಒಂದು ವರ್ಷ ಒಣಗಿದ ತೆಂಗಿನಕಾಯಿಯನ್ನು ಒಂದೊಂದಾಗಿ ಕಿವಿಯ ಬಳಿ ಅಲ್ಲಾಡಿಸಿ, ಸದ್ದಿನ ಮೇಲೆ ಒಳಗೆ ಕೊಬ್ಬರಿ ಚಿಪ್ಪು ಬಿಟ್ಟಿದೆಯೋ ಇಲ್ಲವೋ ಹೇಳುವುದು ಅವರ ಕೆಲಸ. ಬಿಡದ ಕಾಯಿ ಒಡೆದರೆ ಕೊಬ್ಬರಿ ಚೂರಾಗಿ ಹಾಳು. ಕಾಯಿ ಎತ್ತಿಕೊಡುವುದು, ಆಮೇಲೆ ಸುಲಿಯುವುದು ನನ್ನದು. ನಾಲ್ಕನೇ ಕ್ಲಾಸಿಗೇ ಶಾಲೆ ಬಿಟ್ಟವನು ನಾನು. ಆದರೆ ಸುಲಿಯುವುದರಲ್ಲಿ ನನ್ನ ಸಮ ಯಾರೂ ಇರಲಿಲ್ಲ. ಒಂದು ದಿನವೂ ಕೆಲಸ ತಪ್ಪಿಸಿದವನಲ್ಲ.

ಆ ಹಠವೇ ಕೆಡಿಸಿತು. ಎಪ್ಪತ್ತರ ದಶಕದ ಕೊನೆಯ ಒಂದು ಮಾಗಿಯಲ್ಲಿ ನೆಗಡಿ ಹಿಡಿದಿದ್ದರೂ ಅಟ್ಟ ಹತ್ತಿದೆ. ಮೊಣಕಾಲಿಗೆ ಮೊಣಕಾಲು ತಾಗುವಷ್ಟೇ ಜಾಗ. ಇಡೀ ದಿನ ಅವರ ಮುಖದೆದುರೇ ಸೀನಿದೆ.

"ಅತ್ಲಾಗ್ ತಿರುಗ್ಲಾ! ಒಣಗಿರೋ ಕೊಬ್ರೀಗೆ ನೀರಾಕ್ತಿದ್ದೀಯಾ?" ಎಂದು ನಕ್ಕರು.

ಮೂರನೇ ದಿನಕ್ಕೆ ಅವರಿಗೂ ಬಂತು. ಹಾಸಿಗೆ ಹಿಡಿದದ್ದನ್ನು ನಾನು ಕಂಡೇ ಇರದ ಗಟ್ಟಿ ಆಳು. ಮೊದಲು ಗಂಟಲು ಕೆರೆತ, ಆಮೇಲೆ ಮೂಗಿನಲ್ಲಿ ನೀರು, ತಲೆಭಾರ, ಕೆಮ್ಮು, ಮೈ ಸ್ವಲ್ಪ ಬೆಚ್ಚಗೆ. ಎಲ್ಲರಿಗೂ ಬರುವಂಥದೇ. ಮೆಣಸಿನ ಕಷಾಯ ಕುಡಿದರು, ನೀಲಗಿರಿ ಎಣ್ಣೆ ಹಚ್ಚಿದರು. ಮೂಗಿನ ಜೊತೆ ಕಿವಿಯೂ ಕಟ್ಟಿಕೊಂಡಿತು.

ಹಾಗೇ ಅಟ್ಟ ಹತ್ತಿದರು, ಮಾರನೆಯ ದಿನ ಕೊಬ್ಬರಿ ಒಯ್ಯುವ ಲಾರಿ ಬರುವುದಿತ್ತು. ಒಂದು ಕಾಯಿ ಅಲ್ಲಾಡಿಸಿದರು, ಇನ್ನೊಂದು, ಮತ್ತೆ ಎಡಗಿವಿಯ ಹತ್ತಿರ. ಅಂದಾಜಿನ ಮೇಲೆ ಹೇಳಿದ್ದರೂ ಯಾರೂ ಪ್ರಶ್ನಿಸುತ್ತಿರಲಿಲ್ಲ. ಕೆಳಗಿಳಿದು ಸಾಹುಕಾರರಿಗೆ, "ಏನೂ ಕೇಳಿಸ್ತಿಲ್ಲ ಕಣ್ರೀ. ಒಂದ್ ವಾರ ತಡೀರಿ, ಸರಿಹೋಯ್ತದೆ" ಎಂದರು.

"ವಾರ ಯಾರು ಕಾಯ್ತಾರೆ? ಇವ್ನೂ ಪಕ್ಕದಾಗೇ ಕೂತು ಕಲ್ತವ್ನಲ್ಲ, ಇವ್ನೇ ನೋಡ್ಲಿ ಬುಡು."

ನಾನು ಬೇಡವೆನ್ನದೆ ಅಟ್ಟ ಹತ್ತಿದೆ. ಒಳಗೊಳಗೇ ಹೆಮ್ಮೆಯೂ ಆಯಿತು, ಸುಳ್ಳು ಹೇಳಲಾರೆ.

ಮೇಸ್ತ್ರಿ ಎಂಟು ದಿನಕ್ಕೆ ಗುಣವಾಗಿ ಬಂದರು. "ಇದೊಂದ್ ಸಲ ಅವ್ನೇ ಮುಗಿಸ್ಲಿ" ಎಂದರು ಸಾಹುಕಾರರು. ಮುಂದಿನ ಸಲವೂ ನನ್ನನ್ನೇ ಕರೆದರು. ಮೇಸ್ತ್ರಿ ಬೋರನಕಣಿವೆ ಕಡೆ ಮಗಳ ಊರಿಗೆ ಹೋಗಿ ಗದ್ದೆ ಕೂಲಿಗೆ ಸೇರಿದರು.

ಒಮ್ಮೆ ಹುಳಿಯಾರಿನ ಬಸ್ ನಿಲ್ದಾಣದಲ್ಲಿ ಸಿಕ್ಕಿದರು.

"ನನ್ನಿಂದ್ಲೇ ಅಂಟಿದ್ದು ಮೇಸ್ತ್ರಿ. ಅವತ್ತು ನಾನ್ ಮನೇಲಿರಬೇಕಿತ್ತು," ಎಂದೆ.

"ನೆಗಡಿ ಯಾರದಾದ್ರೇನ್ಲಾ, ಬುಡು. ಕೇಳಿಸ್ದೇ ಇದ್ ದಿನ ಕೇಳಿಸ್ತು ಅನ್ಬ್ಯಾಡ, ಅಷ್ಟೇಯ."

ಬಸ್ಸು ಬಂತು, ಹತ್ತಿದರು. ಮರುವರ್ಷ ಮಗಳ ಊರಿನಲ್ಲೇ ತೀರಿಕೊಂಡರು. ಸುದ್ದಿ ನನಗೆ ತಲುಪುವಷ್ಟರಲ್ಲಿ ತಿಥಿಯೂ ಮುಗಿದಿತ್ತು.

ಆಮೇಲೆ ಇಪ್ಪತ್ತು ವರ್ಷ ಆ ಕೆಲಸ ಮಾಡಿದೆ. ನೆಗಡಿಯಾದರೆ ಮನೆಯಲ್ಲೇ ಇರುತ್ತಿದ್ದೆ, ಸಾಹುಕಾರರು ಎಷ್ಟೇ ಕೂಗಾಡಲಿ. ಮೇಸ್ತ್ರಿ ಬದುಕಿದ್ದಾಗ ಅವರ ಜಾಗವನ್ನು ಅವರಿಗೆ ಬಿಟ್ಟುಕೊಡುವುದು ಮಾತ್ರ ನನ್ನಿಂದ ಆಗಲೇ ಇಲ್ಲ.