ಮೂರು ಕುದುರೆ, ಒಂದು ಹೂಂ

ನಮ್ಮ ಮನೆಯವರು ಹುಬ್ಬಳ್ಳಿಗೆ ಹೋಗಿ ತಮ್ಮ ಮೋಟರ್‌ಸೈಕಲ್ಲಿಗೆ ಮೂರು ಕುದುರೆ ಹಾಕಿಸಿಕೊಂಡು ಬಂದರು. ಗಾಡಿ ಮೊದಲೇ ದೊಡ್ಡದು, ದೂರದ ಪ್ರಯಾಣಕ್ಕೆಂದೇ ಮಾಡಿದ್ದು. ಎರಡೂ ಕಡೆ ಪೆಟ್ಟಿಗೆ, ಮುಂದೆ ಗಾಳಿ ತಡೆಯುವ ಗಾಜು, ಹಿಂದೆ ನಾನು. ಅದಕ್ಕೆ ಏರ್ ಫಿಲ್ಟರ್ ಬದಲಾಯಿತು, ಸೈಲೆನ್ಸರ್ ಬದಲಾಯಿತು, ಎಂಜಿನ್ನಿಗೆ ಯಾವಾಗ ಎಷ್ಟು ಪೆಟ್ರೋಲು ಬಿಡಬೇಕೆಂದು ಹೇಳುವ ಕಂಪ್ಯೂಟರಿಗೂ ಹೊಸದಾಗಿ ಕಲಿಸಿದರಂತೆ. ಆಮೇಲೆ ಗಾಡಿಯನ್ನು ರೋಲರಿನ ಮೇಲೆ ನಿಲ್ಲಿಸಿ, ನಿಂತಲ್ಲೇ ಓಡಿಸಿ, ಮೊದಲಿಗಿಂತ ಮೂರು ಹಾರ್ಸ್‌ಪವರ್ ಹೆಚ್ಚಾಗಿದೆ ಎಂದು ಗ್ರಾಫ್ ತೆಗೆದು ಕೊಟ್ಟಿದ್ದರು. ಅದನ್ನು ಫೋನಿನಲ್ಲಿ ನನಗೆ ತೋರಿಸಿದರು.

ನಾನು ಹೈಸ್ಕೂಲಿನಲ್ಲಿ ವಿಜ್ಞಾನ ಹೇಳುವವಳು. ಗ್ರಾಫ್ ಓದಲು ಬರುತ್ತದೆ. ಆ ಮೂರು ಕುದುರೆ ಬಲತುದಿಯಲ್ಲಿ, ಎಂಜಿನ್ ಚೀರಿಕೊಳ್ಳುವಷ್ಟು ಜೋರಾಗಿ ತಿರುಗಿದಾಗ ಮಾತ್ರ ಇದ್ದವು. ಎಡಗಡೆ, ಅಂದರೆ ನಾವು ದಿನಾ ಗಾಡಿ ಹೊಡೆಯುವ ವೇಗದಲ್ಲಿ, ಹಳೆಯ ಗೆರೆ ಹೊಸ ಗೆರೆ ಒಂದರ ಮೇಲೊಂದು ಮಲಗಿದ್ದವು.

“ಈ ಕುದುರಿ ಎಲ್ಲಿ ಓಡಸ್ತೀರಿ?” ಅಂದೆ.

“ಹೈವೇದಾಗ.”

“ಯಾವ ಹೈವೇದಾಗ್ರಿ?”

“ಅದನ್ನ ಬಿಡು. ಪಿಕಪ್ ನೋಡು, ಪಿಕಪ್,” ಅಂದರು.

ನಮ್ಮ ಕಡೆ ಗಂಡಸರಿಗೆ ಪಿಕಪ್ ಅಂದರೆ ಮುಗಿಯಿತು, ಮುಂದೆ ಮಾತಿಲ್ಲ. ಮುಂದಿನ ಭಾನುವಾರ ಪಿಕಪ್ ನೋಡಲು ಬಾದಾಮಿಗೆ ಹೊರಟೆವು. ಬಾಗಲಕೋಟೆ ಬಿಟ್ಟು ಸ್ವಲ್ಪ ದೂರ ಹೋಗುತ್ತಲೇ ಕಬ್ಬಿನ ಟ್ರ್ಯಾಕ್ಟರ್, ಅದರ ಹಿಂದೆ ಎರಡು ಟ್ರೇಲರ್. ಅದನ್ನು ದಾಟಿದರೆ ಹಂಪು. ಹಂಪು ಇಳಿದರೆ ರಸ್ತೆ ತುಂಬ ಕುರಿ. ಹೆಗಲ ಮೇಲೆ ಕಂಬಳಿ ಹಾಕಿಕೊಂಡ ಕುರಿಗಾರ ಹಿಂಡಿನ ಹಿಂದೆ ಆರಾಮಾಗಿ ನಡೆಯುತ್ತಿದ್ದ. ಇವರು ಹಾರ್ನ್ ಹೊಡೆದರು. ಅವನು ತಿರುಗಿ ನೋಡಿ, “ಕುರಿಗೆ ಹೇಳ್ರೀ, ನನಗ್ಯಾಕ ಹೇಳ್ತೀರಿ?” ಅಂದ. ಕುರಿಗಳಿಗೆ ಹೇಳಲು ಇವರಿಗೆ ಬರಲಿಲ್ಲ. ಮೊದಲನೇ ಗೇರಿನಲ್ಲಿ ಗಾಡಿ ಕೆಮ್ಮುತ್ತ, ನನ್ನ ಬಲಗಾಲು ಸೈಲೆನ್ಸರಿನ ಕಾವಿಗೆ ಬೇಯುತ್ತ, ನಾವು ಹಿಂಡಿನ ಜೊತೆ ಹೋದೆವು.

ದುಡ್ಡು ಹಾಕಿ ಇದನ್ನೆಲ್ಲ ಮಾಡಿಸಬಹುದೇ ಎಂದು ಈಗಲೂ ಕೆಲವರು ಇವರನ್ನು ಕೇಳುತ್ತಾರೆ. ಇವರು ಏನೋ ಹೇಳುತ್ತಾರೆ. ನನ್ನನ್ನು ಯಾರೂ ಕೇಳುವುದಿಲ್ಲ, ಆದರೂ ಹೇಳುತ್ತೇನೆ. ಪಿಕಪ್ ಬಂತು, ಮೈಲೇಜ್ ಹೋಯಿತು. ಎಂಜಿನ್ನಿಗೆ ಮೊದಲು ಇದ್ದ ಸಮಾಧಾನ ಹೋಯಿತು. ಬಾದಾಮಿ ಇದ್ದಲ್ಲೇ ಇದೆ, ಅಲ್ಲಿಗೆ ಹೋಗಲು ಹಿಡಿಯುವ ಹೊತ್ತೂ ಅಷ್ಟೇ ಇದೆ. ಆದರೆ ನನಗೆ ಸಿಟ್ಟು ಬಂದದ್ದು ಇದ್ಯಾವುದಕ್ಕೂ ಅಲ್ಲ. ಶಬ್ದಕ್ಕೆ.

ಬಾಗಲಕೋಟೆಯ ನವನಗರದಲ್ಲಿ ನಮ್ಮದು ಕೂಡಿದ ಮನೆ. ಅತ್ತೆ, ಭಾವ, ನೆಗೆಣ್ಣಿ, ಅವರ ಮಕ್ಕಳು, ನಾವಿಬ್ಬರು. ಯಾರೂ ಕೆಟ್ಟವರಲ್ಲ. ಬೆಳಿಗ್ಗೆ ಅತ್ತೆಯ ಲಿಂಗಪೂಜೆ ಮುಗಿಯುವವರೆಗೆ ಯಾರೂ ದನಿ ಎತ್ತುವುದಿಲ್ಲ, ಮುಗಿದ ಮೇಲೆ ಅತ್ತೆಯ ದನಿ ಒಂದೇ ಇರುತ್ತದೆ. ಹಿರಿಯರ ಎದುರು ಗಂಡಹೆಂಡತಿ ಮಾತಾಡುತ್ತ ಕೂರುವ ರೂಢಿ ನಮ್ಮಲ್ಲಿಲ್ಲ. ಕೋಣೆಗೆ ಹೋಗಿ ಮಾತಾಡೋಣವೆಂದರೆ ಗೋಡೆಯ ಮೇಲೆ ಗಾಳಿಗೆಂದು ಬಿಟ್ಟ ಜಾಲಿಯಿದೆ, ಆಚೆ ಅತ್ತೆಯ ಮಂಚವಿದೆ. ನಾನು ಮೆಲ್ಲಗೆ ಏನಾದರೂ ಅಂದರೆ ಆ ಕಡೆಯಿಂದ ಉತ್ತರ ಬಂದದ್ದುಂಟು.

ಹೀಗಾಗಿ ನಮಗೆ ಮಾತಾಡಲು ಇದ್ದ ಕೋಣೆ ಅಂದರೆ ಆ ಗಾಡಿ. ಮನೆಯಲ್ಲಿ “ನೋಡೂಣು” ಬಿಟ್ಟರೆ ಬೇರೆ ಮಾತೇ ಬರದ ಗಂಡಸು, ಊರ ಹೊರಗೆ ಬಿದ್ದ ಕೂಡಲೇ ಹೆಲ್ಮೆಟ್ಟಿನ ಗಾಜು ಮೇಲೆ ಮಾಡಿ ಮಾತಿಗೆ ಶುರು ಮಾಡುತ್ತಿದ್ದರು. ಅಂಗಡಿಯ ಸುದ್ದಿ, ಸಣ್ಣವರಿದ್ದಾಗ ಹಳೇ ಬಾಗಲಕೋಟೆಯ ಹೊಳೆಯಲ್ಲಿ ಈಜಿದ್ದು, ಭಾವನ ಮೇಲಿನ ಸಿಟ್ಟು. ನಾನು ಅವರ ಎಡಭುಜಕ್ಕೆ ಗದ್ದ ಊರಿ ಕೇಳುತ್ತಿದ್ದೆ, ನಡುವೆ ಬೈಯುತ್ತಿದ್ದೆ. ಕುಳಗೇರಿ ಕ್ರಾಸಿನಲ್ಲಿ ಚಹಾ ಕುಡಿದು ವಾಪಸು ಬರುವ ಹೊತ್ತಿಗೆ ಮದುವೆಯಾದದ್ದು ಸಾರ್ಥಕ ಅನಿಸುತ್ತಿತ್ತು. ಹೊಸ ಸೈಲೆನ್ಸರ್ ಬಂದ ಮೇಲೆ ಹಿಂದೆ ಕೂತವಳಿಗೆ ತನ್ನ ಹಲ್ಲು ಕಟಕಟ ಅನ್ನುವುದು ಸಹ ಕೇಳುತ್ತಿರಲಿಲ್ಲ.

ಹೇಳಿದೆ. ಅದಕ್ಕೂ ಇವರ ಹತ್ತಿರ ಒಂದು ಸಾಮಾನು ಇತ್ತು. ಹೆಲ್ಮೆಟ್ಟಿನೊಳಗೆ ಕಿವಿಗೊಂದು ಸ್ಪೀಕರ್, ಬಾಯಿಗೊಂದು ಮೈಕು. ಮರುವಾರ ಇವರ ಗೆಳೆಯರೂ ಕೂಡಿ ಬಂದಿದ್ದರು, ಎಲ್ಲರ ಹೆಲ್ಮೆಟ್ಟಿಗೂ ಅದೇ. ಊರು ದಾಟಿದ ಮೇಲೆ ನಾನು ಆಸೆಯಿಂದ, ಸ್ವಲ್ಪ ನಾಚಿಕೊಂಡೇ, “ರೀ…” ಅಂದೆ. ನಾನು ಗಂಡನ ಹೆಸರು ಹಿಡಿದು ಕರೆಯುವವಳಲ್ಲ, ನಮ್ಮ ಕಡೆ ಯಾರೂ ಕರೆಯುವುದಿಲ್ಲ. “ಹೇಳ್ರಿ ವೈನಿ!” ಎಂದು ಒಂದು ಗಂಡು ದನಿ ಬಂತು. “ವೈನಿ, ಹೇಳ್ರಿ,” ಇನ್ನೊಂದು. “ಯಾರಿಗೆ ಕರದ್ರಿ?” ಮತ್ತೊಂದು. ಗುಂಪಿನವರೆಲ್ಲ ಒಂದೇ ಲೈನಿನಲ್ಲಿದ್ದರು. ಎಲ್ಲರೂ ಉತ್ತರ ಕೊಟ್ಟರು, ನನ್ನ ಗಂಡನೊಬ್ಬ ಬಿಟ್ಟು. ನಾನು ಮನೆಗೆ ಬಂದವಳೇ ಆ ಮೈಕನ್ನು ಕಿತ್ತು ಕಪಾಟಿನಲ್ಲಿ ಹಾಕಿದೆ.

ಅದೇ ದಿನಗಳಲ್ಲಿ ವರ್ಗಾವಣೆಯ ಕೌನ್ಸೆಲಿಂಗ್ ಬಂತು. ನನ್ನ ಶಾಲೆ ಬಾದಾಮಿಯ ಆಚೆ ಇತ್ತು. ಎರಡು ಬಸ್ಸು ಬದಲಿಸಿ ಹೋಗಿ, ಎರಡು ಬಸ್ಸು ಬದಲಿಸಿ ಬಂದು, ರೊಟ್ಟಿ ಬಡಿಯಲು ಕೂರುತ್ತಿದ್ದೆ. ಇಳಕಲ್ಲಿನಲ್ಲಿ ಒಂದು ಜಾಗ ಖಾಲಿಯಿತ್ತು. ಇಳಕಲ್ಲು ನನ್ನ ತವರು, ಆದರೆ ನನಗೆ ಬೇಕಿದ್ದದ್ದು ತವರಲ್ಲ. ಅಲ್ಲಿ ಬಾಡಿಗೆಗೆ ಒಂದು ಸಣ್ಣ ಮನೆ, ನಾವಿಬ್ಬರೇ. ಇವರ ವ್ಯಾಪಾರ ಪಂಪು, ಪೈಪು, ಹನಿ ನೀರಾವರಿ ಸಾಮಾನಿನದು. ಅರ್ಧ ಗಿರಾಕಿಗಳು ರಾಮಥಾಳದ ಸುತ್ತಮುತ್ತಲವರೇ, ಹೇಗಿದ್ದರೂ ವಾರದಲ್ಲಿ ಮೂರು ದಿನ ಇಳಕಲ್ಲಿನ ಹತ್ತಿರದ ಹುನಗುಂದದ ಕಡೆ ಇರುತ್ತಾರೆ. ಆಗದ ಮಾತೇನಲ್ಲ. ಆದರೆ ನಮ್ಮ ಮನೆಯಲ್ಲಿ ಬೇರೆ ಮನೆ ಅನ್ನುವ ಶಬ್ದವನ್ನು ಯಾರೂ ಆಡಿಲ್ಲ. ಇವರು ಒಪ್ಪಿದರೆ ಮಾತ್ರ ಆ ಜಾಗ ಆರಿಸಬೇಕು, ಇಲ್ಲದಿದ್ದರೆ ಬಾಯಿ ಮುಚ್ಚಿಕೊಂಡು ಎರಡು ಬಸ್ಸು ಹತ್ತಬೇಕು ಎಂದು ಗಟ್ಟಿ ಮಾಡಿಕೊಂಡೆ.

ಕೇಳುವುದೆಲ್ಲಿ? ಮನೆಯಲ್ಲಿ ಜಾಲಿ, ರಸ್ತೆಯಲ್ಲಿ ಸೈಲೆನ್ಸರ್. ನನ್ನ ಅಣ್ಣನ ಮಗಳ ಕೂಸನ್ನು ತೊಟ್ಟಿಲಿಗೆ ಹಾಕುವ ಕಾರ್ಯಕ್ಕೆ ಇಳಕಲ್ಲಿಗೆ ಹೊರಟಿದ್ದೆವು. ಕಮತಗಿ ದಾಟಿತು. ನಾನು ಬೆಳೆದದ್ದು ಮಗ್ಗದ ಮನೆಯಲ್ಲಿ, ಪಕ್ಕದ ಮನೆಯಲ್ಲಿ ಪವರ್‌ಲೂಮು. ಆ ಸದ್ದಿನ ಮೇಲೆ ಅವ್ವನನ್ನು ಕರೆದು ಕರೆದು ನನ್ನ ದನಿ ಗಟ್ಟಿಯಾದದ್ದು. ದಮ್ಮು ಕಟ್ಟಿ ಇವರ ಕಿವಿಯ ಕಡೆ ಬಾಗಿ ಕೂಗಿದೆ.

“ರೀ! ಇಳಕಲ್ ಸಾಲಿ ಆರಿಸ್ಲೇನು? ಬ್ಯಾರೆ ಮನಿ ಮಾಡೂಣೇನು?”

ಗಾಡಿ ಒಂದು ತಿರುವು ದಾಟಿತು. ಆಮೇಲೆ ಹೆಲ್ಮೆಟ್ಟು ಮೇಲೆ ಕೆಳಗೆ ಆಡಿತು. “ಹೂಂ!” ಅಂದರು.

ಎಪ್ಪಾ ದೇವರೇ, ನನ್ನ ಕಣ್ಣಲ್ಲಿ ನೀರು ಬಂತು. ಗಾಳಿಗೆ ಬಂದದ್ದಲ್ಲ, ಖುಷಿಗೇ. ಅಷ್ಟಕ್ಕೇ ಮುಗಿಯಲಿಲ್ಲ. ಅಮೀನಗಡ ಬಂದಾಗ ಗಾಡಿ ನಿಲ್ಲಿಸಿದರು, ಅಂಗಡಿಗೆ ಹೋಗಿ ಎರಡು ಡಬ್ಬಿ ಕರದಂಟು ತಂದರು, ಒಂದನ್ನು ಅಲ್ಲೇ ಬಿಚ್ಚಿ ನನ್ನ ಕೈಗೆ ಒಂದು ತುಂಡು ಇಟ್ಟರು. ಶುಭಕಾರ್ಯ ಗಟ್ಟಿಯಾದರೆ ಬಾಯಿ ಸಿಹಿ ಮಾಡುವವರು ನಾವು. ಬಾಯಿಂದ ಹೇಳಲು ಬರದ ಗಂಡಸು ಬೆಲ್ಲ, ಅಂಟು, ಉತ್ತತ್ತಿಯಿಂದ ಹೇಳುತ್ತಿದ್ದಾರೆ ಎಂದುಕೊಂಡು ತಿಂದೆ. ಅಂಥ ಕರದಂಟು ಮತ್ತೆ ತಿಂದಿಲ್ಲ.

ಕೌನ್ಸೆಲಿಂಗಿಗೆ ಹೋದೆ, ಇಳಕಲ್ಲು ಅಂದೆ, ಇಳಕಲ್ಲು ಕೊಟ್ಟರು. ಸಂಜೆ ಎಲ್ಲರೂ ಊಟಕ್ಕೆ ಕೂತಾಗ ಸುದ್ದಿ ಹೇಳಿದೆ, ಬೇರೆ ಮನೆಯ ಮಾತನ್ನೂ ಹೇಳಿದೆ. ಭಾವ ಮಜ್ಜಿಗೆಯ ಲೋಟ ಕೆಳಗಿಟ್ಟರು. ಅತ್ತೆ ನನ್ನನ್ನು ನೋಡಲಿಲ್ಲ, ಮಗನನ್ನು ನೋಡಿದರು.

“ನಿನಗ ಗೊತ್ತಿತ್ತೇನೋ ಇದು?”

ಇವರು ರೊಟ್ಟಿ ಮುರಿದರು. ಮುರಿದದ್ದನ್ನು ಮತ್ತೆ ಮುರಿದರು. “ಗಾಡಿ ಮ್ಯಾಲ ಏನೋ ಅಂದ್ಳವ್ವಾ. ಶಬ್ದದಾಗ ನನಗ ಕೇಳಿಸಲಿಲ್ಲ,” ಅಂದರು.

“ಮತ್ತ ಹೂಂ ಅಂದ್ರಲ್ರೀ?” ನನ್ನ ಬಾಯಿಂದ ಹಾರಿಬಿಟ್ಟಿತು. “ಕರದಂಟ ಕೊಡಿಸಿದ್ರಿ!”

“ಕರದಂಟ ತಗೊಳ್ಳೂಣೇನು ಅಂದಿ ಅಂತ ತಿಳಕೊಂಡೆ.”

ನೆಗೆಣ್ಣಿ ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಓಡಿದಳು. ಅತ್ತೆ ಮಾತ್ರ ನಗಲಿಲ್ಲ. “ಗಂಡಗ ಕೇಳಲಾರದಂಗ ಕೇಳಿ ಒಪ್ಪಿಗಿ ತಗೊಂಡಿ. ಭಾಳ ಶಾಣ್ಯಾಕಿ ಅದಿ ನೀ,” ಅಂದರು. ನನ್ನ ಮೈ ಉರಿದುಹೋಯಿತು. ಅತ್ತೆಯ ಮೇಲಲ್ಲ. ಕರದಂಟಿನ ಮೇಲೆ, ಹುಬ್ಬಳ್ಳಿಯ ಮೇಲೆ, ಆ ಮೂರು ಕುದುರೆಗಳ ಮೇಲೆ. ನಾನು ಕೇಳಿದ್ದು ಜೀವಮಾನದ ಪ್ರಶ್ನೆ, ಇವರಿಗೆ ಕೇಳಿದ್ದು ತಿನ್ನುವ ಪ್ರಶ್ನೆ. ಆಮೇಲೆ ಮನೆಯಲ್ಲಿ ನನ್ನನ್ನು ಕಂಡರೆ ಎಲ್ಲರೂ ಮಾತು ನಿಲ್ಲಿಸುತ್ತಿದ್ದರು. ನೆಗೆಣ್ಣಿಯ ಮಕ್ಕಳು “ಕರದಂಟ ಕಾಕು” ಎಂದು ಕರೆಯಲು ಹತ್ತಿದವು. ಗಂಡನ ಮೇಲಿನ ಸಿಟ್ಟಿಗೆ ಹಟ ಹಿಡಿದು ಒಬ್ಬಳೇ ಇಳಕಲ್ಲಿಗೆ ಹೋಗಿಬಿಡೋಣ ಅನಿಸುತ್ತಿತ್ತು, ಮರುಗಳಿಗೆ ಅಳು ಬರುತ್ತಿತ್ತು. ಒಬ್ಬಳೇ ಇರಲು ನನಗೆ ಬೇರೆ ಮನೆ ಬೇಕಿರಲಿಲ್ಲ.

ಕೆಲಸಕ್ಕೆ ಹಾಜರಾಗುವ ಮುಂಚೆ ಒಂದು ಭಾನುವಾರ ಮಧ್ಯಾಹ್ನ ಇವರೇ, “ನಡಿ, ಇಳಕಲ್ದಾಗ ಒಂದು ಮನಿ ಐತಂತ, ನೋಡಿ ಬರೂಣು,” ಅಂದರು. ಯಾಕೆಂದು ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹುನಗುಂದದವರೆಗೆ ತಡೆದುಕೊಂಡೆ. ಊರು ದಾಟಿದ ಮೇಲೆ ತಡೆಯಲಾಗಲಿಲ್ಲ, ಮುಷ್ಟಿ ಕಟ್ಟಿ ಹೆಲ್ಮೆಟ್ಟಿನ ಮೇಲೆ ಗುದ್ದಿದೆ. ಗಾಬರಿಯಾಗಿ ನಿಲ್ಲಿಸಿದರು. ಇಳಿದೆ, ಕೈ ಚಾಚಿ ಗಾಡಿ ಬಂದ್ ಮಾಡಿದೆ, ಕೀಲಿ ಕಿತ್ತು ಮುಷ್ಟಿಯಲ್ಲಿ ಹಿಡಿದುಕೊಂಡೆ. ಸುತ್ತಲೂ ಕಡಲೆ ಹೊಲ. ಒಂದು ಹಕ್ಕಿಯ ಸದ್ದೂ ಇರಲಿಲ್ಲ.

“ಈಗ ಕೇಳಸ್ತದೇನ್ರಿ?”

“ಕೇಳಸ್ತದ.”

“ಬ್ಯಾರೆ ಮನಿ ಮಾಡೂಣೇನು?”

ಇವರು ಹೆಲ್ಮೆಟ್ಟು ತೆಗೆದರು. ತಲೆ ಕೆರೆದುಕೊಂಡರು. “ಅವತ್ತೂ ಕೇಳಿಸಿತ್ತು,” ಅಂದರು.

ಸರಿಯಾಗಿ ಕೇಳಲೆಂದು ನಾನೂ ಹೆಲ್ಮೆಟ್ಟು ತೆಗೆದೆ.

“ನಿನ್ನ ದನಿ ಕೇಳಸಂಗಿಲ್ಲ ಅಂದ್ರ ಯಾರರ ನಂಬ್ತಾರೇನು? ಎಲ್ಲಾ ಕೇಳಿಸಿತ್ತು. ಖುಷಿಯಾಗೇ ಹೂಂ ಅಂದೆ. ಕರದಂಟೂ ಅದಕ್ಕ ತಂದದ್ದು. ಅವ್ವನ ಮುಂದ ಬಾಯಿ ಬರಲಿಲ್ಲ ನೋಡು. ಸೈಲೆನ್ಸರ್ ಐತೆಲ್ಲ, ಅದರ ಮ್ಯಾಲ ಹಾಕಿಬಿಟ್ಟೆ.”

ಅಷ್ಟು ಖರ್ಚು ಮಾಡಿ ಹಾಕಿಸಿದ ಸಾಮಾನು ಒಂದು ಉಪಯೋಗಕ್ಕಂತೂ ಬಂದಿತ್ತು. ನನಗೆ ಅವರನ್ನು ಅಪ್ಪಿಕೊಳ್ಳಬೇಕು ಅನಿಸಿತು, ಅದೇ ಕ್ಷಣ ರಸ್ತೆಯ ಬದಿಯ ಗಟಾರಕ್ಕೆ ನೂಕಬೇಕು ಅಂತಲೂ ಅನಿಸಿತು. ಇಷ್ಟು ದಿನ ಮನೆಯವರೆಲ್ಲರ ಕಣ್ಣಲ್ಲಿ ನಾನು ಮೋಸದಿಂದ ಒಪ್ಪಿಗೆ ಕದ್ದವಳು. ಇವರು ಪಕ್ಕದಲ್ಲೇ ಕೂತು ರೊಟ್ಟಿ ತಿಂದಿದ್ದಾರೆ.

“ಫೋನ್ ಹಚ್ರಿ,” ಅಂದೆ. “ಅತ್ತಿಯವರಿಗೆ ಹೇಳ್ರಿ. ಈಗ, ಇಲ್ಲೇ. ನನಗೂ ಕೇಳಸ್ಬೇಕು.”

“ಮನಿಗೆ ಹೋಗಿ—”

“ಹಚ್ರಿ ಅಂದ್ರ ಹಚ್ರಿ!”

ಹಚ್ಚಿದರು, ಸ್ಪೀಕರಿಗೆ ಹಾಕಿದರು. ಅತ್ತೆ ಕೂಡಲೇ ಎತ್ತಿದರು. ಎಲ್ಲಿದ್ದೀರಿ ಅಂದರು. ಹುನಗುಂದ ದಾಟೀವಿ ಅಂದರು ಇವರು. ಬಿಸಿಲು ಭಾಳ ಐತಿ, ಮಜ್ಜಿಗೆ ಕುಡಿಯಿರಿ, ಅವಳಿಗೂ ಕುಡಿಸು ಅಂದರು ಅತ್ತೆ. ಕುಡಿಸ್ತೀನಿ ಎಂದು ಇವರು ಬಾಯೊಳಗೇ ಅಂದರು, ಅದೂ ಅತ್ತೆಗೆ ಕೇಳಿಸಿತು. “ಕುಡಸ್ತೀನಿ ಅಂತೀ, ಮರೀತಿ,” ಅಂದರು.

ಇವರು ಫೋನನ್ನು ಬಾಯಿಯ ಹತ್ತಿರ ಹಿಡಿದರು. ನನ್ನ ಮುಖ ನೋಡಿದರು. ಆಮೇಲೆ, ಮದುವೆಯಾದ ಮೇಲೆ ಮೊದಲ ಸಲ, ತಾಯಿಗೆ ನೆಟ್ಟಗೆ ಹೇಳಿದರು.

“ಅವ್ವಾ, ಅವತ್ತ ಆಕಿ ಕೇಳಿದ್ದು ನನಗ ಕೇಳಿಸಿತ್ತು. ನಾನೇ ತಿಳದು ಹೂಂ ಅಂದೀನಿ. ಬ್ಯಾರೆ ಮನಿ ನನಗೂ ಬೇಕಾಗೇತಿ.”

ಲೈನ್ ಹೋಯಿತೇನೋ ಎಂದು ಇವರು ಫೋನನ್ನು ತಿರುಗಿಸಿ ನೋಡಿದರು. ಹೋಗಿರಲಿಲ್ಲ. ಅತ್ತೆಯ ಹಿಂದೆ ಅಡುಗೆಮನೆಯ ನಳ ಹನಿಯುವುದು ನಮಗೆ ಕೇಳುತ್ತಿತ್ತು.

“ಏನಂದೆಪ್ಪಾ?” ಅಂದರು ಅತ್ತೆ. ಅಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ನಾನು ಯಾವತ್ತೂ ಕೇಳಿರಲಿಲ್ಲ. “ಗಾಡಿ ಶಬ್ದದಾಗ ನನಗೇನೂ ಕೇಳಸವಲ್ದು. ಗಾಡಿ ಬಂದ್ ಮಾಡಿ ಮಾತಾಡು.”

ಗಾಡಿ ಬಂದೇ ಇತ್ತು. ಕೀಲಿ ನನ್ನ ಕೈಯಲ್ಲಿತ್ತು.