ಔಷಧಿ ಅಂಗಡಿಗೆ ನಾನೇ ಕಾವಲು

ಡ್ರಗ್ ಇನ್‌ಸ್ಪೆಕ್ಟರ್ ಆಗಿ ಸಿದ್ದಾಪುರದ ಒಂದು ಮೆಡಿಕಲ್ ಶಾಪಿಗೆ ತಪಾಸಣೆಗೆ ಹೋಗಿದ್ದೆ. ಫಾರ್ಮಸಿಸ್ಟ್ ಶಮೀಮಾ ಒಬ್ಬರೇ ಇದ್ದರು. ನಾನು ಫ್ರಿಜ್ಜಿನೊಳಗೆ ಇಣುಕುತ್ತಿದ್ದಾಗ ಎಸ್ಟೇಟಿನ ಜೀಪೊಂದು ಬಾಗಿಲಲ್ಲೇ ಗಕ್ಕನೆ ನಿಂತಿತು. ಅದರೊಳಗೆ, ಕಾಫಿ ಕೊಯ್ಯುವಾಗ ಹೆಜ್ಜೇನು ಕಚ್ಚಿದ ಹೆಂಗಸೊಬ್ಬಳು ಮುಖ ಊದಿಕೊಂಡು, ಉಸಿರಿಗಾಗಿ ಒದ್ದಾಡುತ್ತಿದ್ದಳು.

“ಬೇಗ ಇಂಜೆಕ್ಷನ್ ಕೊಡಿ ಮೇಡಂ!” ಎಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರ್ ಕೂಗಿದ.

ಶಮೀಮಾ ನನ್ನ ಮುಖ ನೋಡಿದರು. ಡಾಕ್ಟರ ಚೀಟಿಯಿಲ್ಲದೆ ಕೊಡುವಂತಿಲ್ಲ, ಅವರೇ ಚುಚ್ಚುವಂತೆಯೂ ಇಲ್ಲ. ಆದರೆ ರಸ್ತೆಯಾಚೆಗೇ ಡಾಕ್ಟರ ಕ್ಲಿನಿಕ್ ಇತ್ತು.

“ಔಷಧಿ ತಗೊಂಡು ಓಡಿ, ಡಾಕ್ಟರೇ ಚುಚ್ಚಲಿ! ಅಂಗಡಿ ನಾನು ನೋಡ್ಕೋತೀನಿ” ಎಂದೆ.

ಅವರು ಓಡಿದರು. ರೈಟರ್ ಆ ಹೆಂಗಸನ್ನು ಎತ್ತಿಕೊಂಡು ಹಿಂದೆಯೇ ಓಡಿದ. ನಾನು ಕೌಂಟರಿನ ಹಿಂದೆ ಹೋಗಿ ನಿಂತೆ. ಅಷ್ಟರಲ್ಲಿ ಅಜ್ಜಿಯೊಬ್ಬರು ಬಂದು ಕೆಮ್ಮಿನ ಸಿರಪ್ ಕೇಳಿದರು.

“ಫಾರ್ಮಸಿಸ್ಟ್ ಇಲ್ಲದೆ ಕೊಡೋ ಹಾಗಿಲ್ಲ ಅಜ್ಜಿ, ಸ್ವಲ್ಪ ಕೂತ್ಕೊಳ್ಳಿ.”

ಅಜ್ಜಿ ಗೊಣಗುತ್ತಾ ಕೂತರು. ಸ್ವಲ್ಪ ಹೊತ್ತಿನಲ್ಲಿ ಕ್ಲಿನಿಕ್ಕಿನ ಬಾಗಿಲಿಂದ ಶಮೀಮಾ ಎರಡೂ ಕೈ ಎತ್ತಿ ಕೂಗಿದರು. “ಸಾರ್, ಉಸಿರಾಡ್ತಿದ್ದಾಳೆ! ಮಾತಾಡ್ತಿದ್ದಾಳೆ!”

ನಾನು ಕೌಂಟರಿನ ಹಿಂದೆ ಕುಣಿದೇಬಿಟ್ಟೆ.

ಅಜ್ಜಿಗೆ ಸಿಟ್ಟು ನೆತ್ತಿಗೇರಿತು. “ಔಷಧಿ ಕೇಳಿದ್ರೆ ಕುಣೀತೀಯಾ? ಅಂಗಡಿ ನೋಡೋಕೆ ಇನ್‌ಸ್ಪೆಕ್ಟರ್ ಬರ್ತಾರಂತಲ್ಲ, ಅವರಿಗೇ ಹೇಳ್ತೀನಿ!”

ದೂರು ತಲುಪಬೇಕಾದವರಿಗೆ ಆಗಲೇ ತಲುಪಿತ್ತು.