ಬೂಟು ಬಿಚ್ಚದ ಹುಡುಗಿಯ ದುಭಾಷಿ

ಬೆಳಗಿನ ಐದಕ್ಕೆ ಕಾಗದ ಬಂದಿರುತ್ತದೆ. ಸ್ಕಾಟ್ಲೆಂಡಿನ ಉತ್ತರದ ಒಂದು ದ್ವೀಪದಲ್ಲಿ ಲೇಖಕಿ ಇಶ್ಬೆಲ್ ಗ್ಯಾರಿಯೊಕ್ ರಾತ್ರಿಯೂಟ ಮುಗಿಸಿ ಬರೆದು ಕಳಿಸಿದ್ದು, ಟೋಕಿಯೊದ ಕಾಮಿ-ಇಗುಸಾದಲ್ಲಿ ಚಿಯೊನೊ ಕುವಾಬಾರಾ ಅವರು ಅನ್ನದ ಕುಕ್ಕರಿನ ಮುಚ್ಚಳ ತೆಗೆಯುವ ಹೊತ್ತಿಗೆ ಕಂಪ್ಯೂಟರಿನಲ್ಲಿ ಕಾದಿರುತ್ತದೆ. ಕುವಾಬಾರಾ ಅದನ್ನು ತೆರೆ ಮೇಲೆ ಓದುವುದಿಲ್ಲ. ಮುದ್ರಿಸಿಕೊಂಡು, ಅಡುಗೆಮನೆಯ ಕಿಟಕಿ ಪಕ್ಕ ಒಮ್ಮೆ ನಿಂತು ಓದುತ್ತಾರೆ. ಆಮೇಲೆ ಒಮ್ಮೆ ಜೋರಾಗಿ. ಮೂರನೇ ಸಲ ಪೆನ್ಸಿಲ್ ಹಿಡಿದು ಕೂರುತ್ತಾರೆ.

"ನಿಂತು ಓದಿದ್ರೆ ಕೋಪ ಇದೆಯಾ ಇಲ್ವಾ ಗೊತ್ತಾಗುತ್ತೆ. ಜೋರಾಗಿ ಓದಿದ್ರೆ ಯಾರ ಮೇಲೆ ಅಂತ ಗೊತ್ತಾಗುತ್ತೆ. ಕೂತು ಓದೋದು ಬರೆಯೋದಕ್ಕೆ," ಎನ್ನುತ್ತಾರೆ.

ಈ ಮಂಗಳವಾರದ ಕಾಗದದಲ್ಲಿ ಇರುವುದು ನಾಲ್ಕೇ ಸಾಲು. ಕುವಾಬಾರಾ ಮೂರು ಸಾಲನ್ನು ಜಪಾನಿ ಭಾಷೆಗೆ ತಿರುಗಿಸುತ್ತಾರೆ. ನಾಲ್ಕನೆಯದರ ಮುಂದೆ ಪೆನ್ಸಿಲ್ ಹಿಡಿದು ಬಹಳ ಹೊತ್ತು ಕೂತಿದ್ದು, ಹಾಳೆಯನ್ನು ಮಡಿಸಿ ಚೀಲಕ್ಕೆ ಹಾಕುತ್ತಾರೆ. ಅನ್ನ ಆರಿಹೋಗಿದೆ.

ಅವರಿಗೆ ಅರವತ್ತೊಂದು ವರ್ಷ. ಮೂವತ್ತೊಂದು ವರ್ಷದಿಂದ ಅವರದು ಇದೇ ಕೆಲಸ. ಹೊರದೇಶದ ಲೇಖಕರ ಕಥೆಯನ್ನು ಇಲ್ಲಿನ ಸ್ಟುಡಿಯೊಗಳು ಅನಿಮೆ, ಅಂದರೆ ಕೈಯಿಂದ ಬಿಡಿಸಿದ ಚಿತ್ರಗಳ ಸರಣಿ, ಮಾಡುವಾಗ ಲೇಖಕರ ಕಾಗದ ಇಲ್ಲಿಗೆ, ಸ್ಟುಡಿಯೊದ ಉತ್ತರ ಅಲ್ಲಿಗೆ. ಇಲ್ಲಿಯವರೆಗೆ ಹನ್ನೊಂದು ಮಂದಿ ಲೇಖಕರು. ಗ್ಯಾರಿಯೊಕ್ ಒಬ್ಬರದೇ ಎಂಟು ತಿಂಗಳಲ್ಲಿ ಇಪ್ಪತ್ತೆರಡು ಕಾಗದ. ಚಿತ್ರದ ಕೊನೆಯಲ್ಲಿ ಓಡುವ ಹೆಸರುಗಳಲ್ಲಿ ಕುವಾಬಾರಾ ಹೆಸರು ಒಮ್ಮೆಯೂ ಬಂದಿಲ್ಲ. ಊಟದ ಡಬ್ಬಿ ತಂದುಕೊಡುವ ಅಂಗಡಿಯ ಹೆಸರು ಒಂದು ಸಲ ಬಂದಿತ್ತು.

ಸ್ಟುಡಿಯೊದಲ್ಲಿ ಅವರ ಹೆಸರು ತಮಾಷೆಗೆ ಮಾತ್ರ ಒದಗುತ್ತದೆ. ಗುಡುಗಿದಾಗ ಸಿಡಿಲು ತಮ್ಮ ಮೇಲೆ ಬೀಳದಿರಲಿ ಎಂದು ಅಜ್ಜಿಯಂದಿರು "ಕುವಾಬಾರಾ, ಕುವಾಬಾರಾ" ಎಂದು ಗೊಣಗುವುದುಂಟು. ಇವರು ಚೀಲ ಹಿಡಿದು ಬಾಗಿಲಲ್ಲಿ ಕಂಡ ಕೂಡಲೇ ಚಿತ್ರ ಬಿಡಿಸುವವರ ಸಾಲಿನಿಂದ ಯಾರಾದರೊಬ್ಬರು ಅದನ್ನೇ ಗೊಣಗುತ್ತಾರೆ. ಸಿಡಿಲು ತರುವವಳೂ ನಾನೇ, ತಡೆಯುವ ಮಂತ್ರವೂ ನಾನೇ ಎಂದು ಅವರು ನಗುತ್ತಾರೆ.

ಬಟ್ಟೆ ಒಗೆದುಕೊಡುವ ಅಂಗಡಿಯವರ ಮಗಳು. ಕಾಲೇಜು ಕಂಡವರಲ್ಲ. ಯೊಕೊಹಾಮಾದ ನಾವಿಕರ ವಸತಿಗೃಹದಲ್ಲಿ ಬೀಗದ ಕೈ ಕೊಡುವ ಕೆಲಸಕ್ಕಿದ್ದಾಗ, ನಾವಿಕರು ಇಲ್ಲಿನ ಹೆಂಗಸರಿಗೆ ಬರೆದ ಕಾಗದ ಓದಿ ಹೇಳುತ್ತ ಇಂಗ್ಲಿಷ್ ಕಲಿತರು. "ಓದಿಸ್ಕೊಂಡೋರು ಕೊನೇಲಿ ಕಾಗದ ನೋಡ್ತಿರ್ಲಿಲ್ಲ, ನನ್ನ ಮುಖಾನೇ ನೋಡೋರು. ಇವಳು ಏನೋ ನುಂಗಿಕೊಂಡಳು ಅನ್ನೋ ಅನುಮಾನ. ಆಗಿನಿಂದ ಅದು ಹೋಗೇ ಇಲ್ಲ." ಹೊಸ ನಿರ್ಮಾಪಕರು ಯಾವ ಕಾಲೇಜು ಎಂದು ಕೇಳುತ್ತಾರೆ. ಇವರು ವಸತಿಗೃಹದ ಹೆಸರು ಹೇಳುತ್ತಾರೆ. ಅಲ್ಲಿಗೆ ಮಾತು ನಿಂತುಬಿಡುತ್ತದೆ.

ಅನುಮಾನ ಆ ಕಡೆಯೂ ಕಡಿಮೆಯಿಲ್ಲ. ಅಮೆರಿಕದ ಪತ್ತೇದಾರಿ ಲೇಖಕನೊಬ್ಬ, ನನ್ನ ಪೊಲೀಸಿನವನು ಫೋನಿನಲ್ಲಿ ಮಾತಾಡುವಾಗ ಗೋಡೆಗೆ ಯಾಕೆ ತಲೆಬಾಗುತ್ತಾನೆ ಎಂದು ಕೇಳಿ ಬರೆದಿದ್ದ. ಅದನ್ನು ಓದಿ ಹೇಳಿದಾಗ ಸ್ಟುಡಿಯೊದಲ್ಲಿ ಯಾರಿಗೂ ಪ್ರಶ್ನೆಯೇ ಅರ್ಥವಾಗಿರಲಿಲ್ಲ. ಮೇಲಧಿಕಾರಿಯ ಜೊತೆ ಫೋನಿನಲ್ಲಿ ಮಾತಾಡುವಾಗ ತಲೆ ಬಾಗದೆ ಇನ್ನೇನು? ಫ್ರಾನ್ಸಿನ ಒಬ್ಬರು ತಮ್ಮ ಖಳನಾಯಕ ಅತ್ತದ್ದಕ್ಕೆ ಮೂರು ತಿಂಗಳು ಮಾತು ಬಿಟ್ಟಿದ್ದರು. ಇನ್ನೊಬ್ಬರು ಪ್ರತಿ ಕಾಗದದಲ್ಲೂ ಎಲ್ಲ ಚೆನ್ನಾಗಿದೆ ಎಂದೇ ಬರೆಯುತ್ತಿದ್ದರು. ಕುವಾಬಾರಾ ನಂಬದೇ ಇದ್ದದ್ದು ಅವರೊಬ್ಬರನ್ನೇ. ಆ ಮನುಷ್ಯ ಚಿತ್ರ ನೋಡಿಯೇ ಇರಲಿಲ್ಲ.

"ಮಗೂನ ಬೇರೆಯವರ ಮನೇಲಿ ಬಿಟ್ಟುಹೋದೋರು ತಿರುಗಿ ಬಂದಾಗ ಮೊದಲು ಏನು ನೋಡ್ತಾರೆ? ಮೈಮೇಲೆ ಗಾಯ ಇದೆಯಾ ಅಂತ. ನಾವು ತಲೆ ಬಾಚಿ, ಹೊಸ ಬಟ್ಟೆ ಹಾಕಿ ನಿಲ್ಲಿಸಿರ್ತೀವಿ. ಅದಕ್ಕೇ ಅವರಿಗೆ ಇನ್ನೂ ಅನುಮಾನ ಜಾಸ್ತಿ," ಎನ್ನುತ್ತಾರೆ ಕುವಾಬಾರಾ.

ಹತ್ತು ಗಂಟೆಯ ಸಭೆ. ಬಾಗಿಲಲ್ಲಿ ಹತ್ತೊಂಬತ್ತು ಜೊತೆ ಚಪ್ಪಲಿ, ಬೂಟು, ಎಲ್ಲವೂ ಹೊರಗೆ ಮುಖ ಮಾಡಿ ನಿಂತಿವೆ. ಕುವಾಬಾರಾ ತಮ್ಮದನ್ನೂ ತಿರುಗಿಸಿ ಇಟ್ಟು, ಸ್ಲಿಪ್ಪರ್ ಮೆಟ್ಟಿ ಒಳಗೆ ಹೋಗುತ್ತಾರೆ. ಗ್ಯಾರಿಯೊಕ್ ಬರೆದ, ಮೆರನ್ ಎಂಬ ಹುಡುಗಿಯ ಕಥೆಯ ಮೊದಲ ಕಂತನ್ನು ಸೋಮವಾರ ಲೇಖಕಿಗೆ ಕಳಿಸಿದ್ದಾರೆ. ಶುಕ್ರವಾರದೊಳಗೆ ಆಕೆಯ ಸಹಿ ಬರಬೇಕು. ಬರದಿದ್ದರೆ ಪ್ರಸಾರವಿಲ್ಲ, ಹತ್ತೊಂಬತ್ತು ಜನ ಎಂಟು ತಿಂಗಳು ಬಿಡಿಸಿದ್ದು ಬೀರುವಿಗೆ ಹೋಗುತ್ತದೆ. ನಿರ್ದೇಶಕ ಸುಗಾನುಮಾ ಕಣ್ಣು ಮುಚ್ಚಿ ಕೂತಿದ್ದಾರೆ. ನಿರ್ಮಾಪಕ ಮಿಶಿನಾ ಮೇಜಿನ ಮೇಲೆ ಫೋನ್ ಇಟ್ಟುಕೊಂಡಿದ್ದಾರೆ.

ಕುವಾಬಾರಾ ಓದುತ್ತಾರೆ. "ಕಂತು ನೋಡಿದೆ. ಬೂಟುಗಾಲಲ್ಲೇ ನನ್ನ ಮನೆಯೊಳಗೆ ನುಗ್ಗಿದ್ದೀರಿ. ಮೆರನ್‌ಳ ಬೂಟುಗಳನ್ನು ಎಷ್ಟು ಅಂದವಾಗಿ ಜೋಡಿಸಿಟ್ಟಿದ್ದೀರಿ ಎಂದು ಬೆರಗಾದೆ."

ಮಿಶಿನಾ ಅಸಲು ಕಾಗದವನ್ನು ಕೇಳಿ ಪಡೆದು ಅದರ ಮೇಲೆ ಫೋನ್ ಹಿಡಿಯುತ್ತಾರೆ. ಈಗ ಎಲ್ಲ ಸಭೆಯಲ್ಲೂ ಹೀಗೆಯೇ. ಫೋನಿನ ಅನುವಾದ ಯಂತ್ರ ತಿರುಗಿಸಿದ್ದನ್ನು ಒಮ್ಮೆ ಓದಿ, ಇನ್ನೊಮ್ಮೆ ಓದಿ, ಕುವಾಬಾರಾ ಕಡೆ ನೋಡುತ್ತಾರೆ.

"ತಪ್ಪು ತಿಳೀಬೇಡಿ ಕುವಾಬಾರಾ ಸಾನ್. ಇದರಲ್ಲಿ 'ನನ್ನ ಪುಸ್ತಕದಲ್ಲಿ ನಿಮ್ಮ ಮನೆಯಲ್ಲಿದ್ದ ಹಾಗೆ ಆರಾಮವಾಗಿದ್ದೀರಿ' ಅಂತಿದೆ. ಆಯಮ್ಮ ಸಂತೋಷಪಟ್ಟು ಬರೆದಿದ್ದಾರೆ. ನುಗ್ಗಿದ್ದು ಎಲ್ಲಿಂದ ಬಂತು?"

ಸುಗಾನುಮಾ ಕಣ್ಣು ಬಿಡುತ್ತಾರೆ. "ಅವರ ಊರಲ್ಲಿ ಎಲ್ಲರೂ ಮನೆಯೊಳಗೆ ಬೂಟಲ್ಲೇ ಓಡಾಡ್ತಾರೆ. ಬೂಟುಗಾಲಲ್ಲಿ ಬಂದ್ರಿ ಅನ್ನೋದು ಅವರಿಗೆ ಬೈಗುಳ ಹೇಗಾಗುತ್ತೆ? ಅದು ನಿಮ್ಮ ಮಾತು. ಅವರದಲ್ಲ."

ಮಿಶಿನಾ ಇನ್ನೂ ಮುಗಿಸಿಲ್ಲ. ಕೆಳಗೆ ಇನ್ನೊಂದು ಸಾಲಿದೆ, ನೀವು ಓದಲೇ ಇಲ್ಲ ಎನ್ನುತ್ತಾರೆ. ಅದನ್ನು ಯಂತ್ರ ಸರಿಯಾಗಿಯೇ ತಿರುಗಿಸಿದೆ: 'ನಾನು ಬರೆದದ್ದನ್ನೆಲ್ಲ ನಿಮ್ಮ ದುಭಾಷಿ ನಿಮಗೆ ಹೇಳುತ್ತಾರೆಯೇ?'

ಯಾರೂ ಗೊಣಗುವುದಿಲ್ಲ. ಮೂವತ್ತೊಂದು ವರ್ಷದಲ್ಲಿ ಬಿಟ್ಟದ್ದು ಆ ಒಂದೇ ಸಾಲು ಎಂದು ಕುವಾಬಾರಾ ಹೇಳಬಹುದಿತ್ತು. ಯಾರು ನಂಬುತ್ತಾರೆ? ಬಿಟ್ಟಿದ್ದು ತಪ್ಪು ಎಂದಷ್ಟೇ ಹೇಳಿ ತಲೆಬಾಗುತ್ತಾರೆ. ಮೊದಲ ಮಾತು ಮಾತ್ರ ತಪ್ಪಲ್ಲ ಎಂದು ಸೇರಿಸುತ್ತಾರೆ. ಕರೆಯದೆ ಬಂದ ನೆಂಟ ಕಾಲು ಚಾಚಿ ಮಲಗಿದಾಗ ಮನೆಯಾಕೆ ನಗುನಗುತ್ತಾ ಹೇಳುವ ಮಾತು ಅದು. ಅದರ ಕಹಿ ಇಲ್ಲಿನ ಕಿವಿಗೆ ಮುಟ್ಟಲಿ ಎಂದೇ ಇಲ್ಲಿನ ಬೂಟು ತಂದದ್ದು.

ಆಮೇಲೆ ಚೀಲದಿಂದ ಪುಸ್ತಕ ತೆಗೆದು ಎರಡನೇ ಪುಟ ಓದುತ್ತಾರೆ. ಒಂದು ರಾತ್ರಿ ಕಡಲು ಒಳಗೆ ನುಗ್ಗಿ ಮೆರನ್‌ಳ ತಾಯಿಯನ್ನು ಎಳೆದೊಯ್ದಿದೆ. ಆ ರಾತ್ರಿಯಿಂದ ಎಂಟು ವರ್ಷದ ಹುಡುಗಿ ಬೂಟು ಬಿಚ್ಚಿಲ್ಲ. ಹಾಸಿಗೆಯಲ್ಲೂ ಬಿಚ್ಚುವುದಿಲ್ಲ. ಕಡಲು ಮತ್ತೆ ಬಂದರೆ ಓಡಬೇಕಲ್ಲ.

ಅನಿಮೆಯಲ್ಲಿ ಅದೇ ಹುಡುಗಿ ಮನೆಗೆ ಬಂದವಳು ಬಾಗಿಲಲ್ಲಿ ಬೂಟು ಕಳಚಿ, ಹೊರಗೆ ಮುಖ ಮಾಡಿ ಜೋಡಿಸಿಟ್ಟು ಒಳಗೆ ಹೋಗುತ್ತಾಳೆ. ಯಾರೂ ಹಾಗೆ ಬಿಡಿಸಲು ಹೇಳಿರಲಿಲ್ಲ. ಕೈ ತಾನಾಗಿ ಬಿಡಿಸಿತ್ತು. ಹತ್ತೊಂಬತ್ತು ಜನ ನೋಡಿದ್ದರು. ಪುಸ್ತಕವನ್ನು ಮೂರು ಸಲ ಓದಿದ್ದ ಕುವಾಬಾರಾ ಕೂಡ ನೋಡಿದ್ದರು. "ನನಗೂ ಕಾಣಲಿಲ್ಲ. ಅದು ನನ್ನ ದೊಡ್ಡ ತಪ್ಪು, ಸಾಲು ಬಿಟ್ಟಿದ್ದಕ್ಕಿಂತ," ಎನ್ನುತ್ತಾರೆ. ಮೇಜಿನ ಸುತ್ತ ಕೂತವರೆಲ್ಲ ತಮ್ಮ ತಮ್ಮ ಸ್ಲಿಪ್ಪರ್ ನೋಡಿಕೊಳ್ಳುತ್ತಾರೆ. ಸುಗಾನುಮಾ, ಬಾಗಿಲಿನ ದೃಶ್ಯ ಪೂರ್ತಿ ತೆಗೆಯಿರಿ, ಹಾಸಿಗೆಯ ದೃಶ್ಯ ಹೊಸದಾಗಿ ಬಿಡಿಸಿ ಎನ್ನುತ್ತಾರೆ.

ಎರಡೇ ದಿನ ಉಳಿದಿದೆ. ಗುರುವಾರ ಬೆಳಗ್ಗೆ ಆರಕ್ಕೆ ಕುವಾಬಾರಾ ಯಾರೂ ಕರೆಯದೆ ಸ್ಟುಡಿಯೊಗೆ ಬರುತ್ತಾರೆ. ಚಿತ್ರಗಾರ್ತಿ ಹನಾಎ ಆಗಲೇ ಬಂದು ಕೊನೆಯ ಹಾಳೆಗಳನ್ನು ಜೋಡಿಸುತ್ತಿದ್ದಾರೆ. ಹಾಸಿಗೆಯ ಮೇಲೆ ಮೆರನ್, ಕಾಲಲ್ಲಿ ಕೆಸರು ಬೂಟು. ಎಲ್ಲ ಸರಿಯಿದೆ. ಕುವಾಬಾರಾ ಹಾಳೆಯನ್ನು ಬೆಳಕಿಗೆ ಹಿಡಿದು, ಬೂಟಿನ ಕೆಳಗಿರುವುದು ಏನು ಎಂದು ಕೇಳುತ್ತಾರೆ.

"ಪೇಪರ್," ಎನ್ನುತ್ತಾರೆ ಹನಾಎ. "ಹಾಸಿಗೆ ಕೊಳೆ ಆಗುತ್ತಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನೋಡುತ್ತಾರೆ. ಬೂಟು ಒಳಗೆ ತರಲೇಬೇಕಾದರೆ ಕೆಳಗೊಂದು ಹಳೇ ಪತ್ರಿಕೆ ಹಾಸದೆ ಇಲ್ಲಿನ ಕೈ ಕೇಳುವುದಿಲ್ಲ. ಹನಾಎ ನಗುತ್ತಾರೆ, ಆಮೇಲೆ ಅಳುಬರುವವರ ಹಾಗೆ ಕಣ್ಣೊರೆಸಿಕೊಂಡು ರಬ್ಬರ್ ಎತ್ತಿಕೊಳ್ಳುತ್ತಾರೆ. ಆರು ಹಾಳೆಗಳಿಂದ ಪತ್ರಿಕೆ ಅಳಿಸಿಹೋಗುತ್ತದೆ. ಚಾದರದ ಮೇಲೆ ಕೆಸರು ಹತ್ತುತ್ತದೆ. ಕೆಸರಿನ ಚಿತ್ರ ಬರೆಯುವಾಗ ತಮ್ಮ ಅಮ್ಮ ಗದರಲು ಹಿಂದೆ ನಿಂತ ಹಾಗಿತ್ತು ಎಂದು ಹನಾಎ ಆಮೇಲೆ ಹೇಳಿಕೊಂಡಿದ್ದಾರೆ.

ತಿದ್ದಿ ಕಳಿಸಿದ ಕಂತಿಗೆ ಶುಕ್ರವಾರ ಬೆಳಗ್ಗೆ ಐದಕ್ಕೆ ಉತ್ತರ. ನಿಂತು ಒಮ್ಮೆ, ಜೋರಾಗಿ ಒಮ್ಮೆ, ಕೂತು ಒಮ್ಮೆ. ಹತ್ತಕ್ಕೆ ಕುವಾಬಾರಾ ಅಸಲು ಕಾಗದವನ್ನು ತಾವೇ ಮಿಶಿನಾ ಮುಂದಿಟ್ಟು ಓದುತ್ತಾರೆ.

"ಚಾದರ ಕೊಳೆಯಾಗಿದೆ. ಇವಳು ಮೆರನ್. ಕಣ್ಣು ಈಗಲೂ ಮುಖಕ್ಕಿಂತ ದೊಡ್ಡದು, ಅದನ್ನು ನಾನು ಎಂದೂ ಒಪ್ಪುವುದಿಲ್ಲ. ಸಹಿ ಹಾಕಿದ್ದೇನೆ. ಮುಂದಿನ ಕಂತನ್ನೂ ಇಷ್ಟೇ ಅನುಮಾನದಿಂದ ನೋಡುತ್ತೇನೆ. ನಿಮ್ಮ ದುಭಾಷಿಯ ಬಗ್ಗೆ ಒಂದು ಪ್ರಶ್ನೆ ಕೇಳಿದ್ದೆ. ಉತ್ತರ ಬರಲಿಲ್ಲ."

ಮಿಶಿನಾ ಫೋನ್ ಹಿಡಿದು ನೋಡುತ್ತಾರೆ. ಕೊನೆಯ ಸಾಲಿನವರೆಗೂ ನೋಡಿ ಫೋನನ್ನು ಮೇಜಿನ ಮೇಲಿಡುತ್ತಾರೆ. ಸುಗಾನುಮಾ ಉತ್ತರ ಬರೆದುಕೊಳ್ಳಿ ಎನ್ನುತ್ತಾರೆ.

"ಅವರು ಎಲ್ಲ ಹೇಳ್ತಾರೆ. ಒಂದೇ ಒಂದು ಸಾಲು ಬಿಟ್ಟಿದ್ರು. ಅದು ಅವರ ಬಗ್ಗೆನೇ ಇತ್ತು. ನಾವು ಇನ್ನೂ ಫೋನ್ ಹಿಡಿದು ನೋಡ್ತಾ ಇದ್ದೀವಿ. ಇಷ್ಟು ಬರೀರಿ."

ಹೆಸರು ಪಟ್ಟಿಯಲ್ಲಿ ಬರಬೇಕೆಂಬ ಆಸೆ ಕುವಾಬಾರಾ ಅವರಿಗಿಲ್ಲ. ಹನ್ನೆರಡು ಕಂತು ಮುಗಿಯುವುದರೊಳಗೆ, ತಾವು ಓದುತ್ತಿರುವಾಗ ಆ ಫೋನು ಒಂದು ದಿನವಾದರೂ ಮಿಶಿನಾ ಅವರ ಜೇಬಿನಲ್ಲೇ ಇರಬೇಕು. ಅಷ್ಟೇ ಸಾಕು ಎನ್ನುತ್ತಾರೆ. ನಿರ್ದೇಶಕರ ಉತ್ತರ ಅಂದೇ ಇಂಗ್ಲಿಷಿನಲ್ಲಿ ಸ್ಕಾಟ್ಲೆಂಡಿಗೆ ಹೋಗಿದೆ, ಫೋನಿನ ಮಾತೂ ಸೇರಿ.

"ಒಂದಕ್ಷರಾನೂ ಮೆತ್ತಗೆ ಮಾಡಲಿಲ್ಲ," ಎನ್ನುತ್ತಾರೆ ಕುವಾಬಾರಾ, ಬಾಗಿಲಲ್ಲಿ ಹೊರಗೆ ಮುಖ ಮಾಡಿ ನಿಂತ ತಮ್ಮ ಬೂಟಿನೊಳಗೆ ಕಾಲು ತೂರಿಸುತ್ತ.